ಕ್ಲಾರವ್ವನ ಮುಯ್ಯಿ

ಚಿಗಳ್ಳಿಯೊಳಗ ಕುರ್ಚಿ ಹಂಗ ಕುಂದ್ರೂ ಸಂಡಾಸ ಇರೂದು ನಮ್ಮ ಮನ್ಯಾಗ ಮಾತ್ರ ಅಂತ ನಾನು ಗಿರಣಿಗೆ ಬಂದವರಿಗೆಲ್ಲಾ ಹೇಳತಿದ್ದೆ. ಅದೇನು ಸುಳ್ಳಲ್ಲ. ಅದರ ಮ್ಯಾಲೆ ಇನ್ನೂ ಯಾರೂ ಕುಂತಿಲ್ಲ ಅನ್ನೂದನ್ನ ಹೇಳತಿದ್ದಿಲ್ಲ, ಅಷ್ಟ. ಮಗಳು ಸುಮಿತಾ ಮುಂಡಗೋಡ ಕಾಲೇಜಿಗೆ ಹೋಗಾಕ ಹತ್ತಿದ ಮ್ಯಾಲೆ ಹಟ ಹಿಡದು ಕಟ್ಟಿಸಿದ್ಲು. ಕಟ್ಟಿ ಮುಗದ ಮರುದಿನನ ನಮ್ಮಾಕಿ ಶಿವಗಂಗಾ, "ಇಲಿ ಹೋಗಲಾರದ ಜಾಗಾ ಊರಾಗ ಇದೊಂದ ನೋಡ್ರಿ" ಅಂತ ಬೀಜದ ಗೋವಿನಜ್ವಾಳದ ಚೀಲ ಅದರಾಗ ಇಟ್ಟು ಕೀಲಿ ಹಾಕಿದ್ಲು.

ನನ್ನ ಹೆಸರು ದ್ಯಾಮಪ್ಪ. ಒಂದು ಹಿಟ್ಟಿನ ಗಿರಣಿ, ಮೂರು ಎಕರೆ ಭತ್ತದ ಗದ್ದಿ, ಊರಾಗ ಒಂದಿಷ್ಟು ಹೆಸರು, ಇಷ್ಟು ನನ್ನ ಆಸ್ತಿ. ಅದರಾಗ ಹೆಸರು ಅನ್ನೂದು ಹೆಂಗ ಹೋಗಿ ಹೆಂಗ ಬಂತು ಅಂತ ನಾನ ಹೇಳಬೇಕಾಗೇತಿ, ಯಾಕಂದ್ರ ಮಗ್ಗಲೂರು ಸನವಳ್ಳಿ ಕಡೆ ಮಂದಿ ಅದು ಹೋಗಿದ್ದನ್ನಷ್ಟ ಹೇಳಾಕ ಹತ್ಯಾರಂತ.

ಆಗಸ್ಟ್ ತಿಂಗಳದಾಗ ದಾಂಡೇಲಿಯಿಂದ ಸಂಜೀವಕುಮಾರ ಅನ್ನೋರು ಜೀಪಿನಾಗ ಬಂದ್ರು. ಪರದೇಶದ ಹುಡುಗ್ರನ್ನ ಕರಕೊಂಡು ಬಂದು ಹಳ್ಳ್ಯಾಗ ಸೇವಾ ಮಾಡಿಸೋ ಸಂಸ್ಥೆ ಅವರದು. ಕಾಲಾಗ ಬೂಟು, ಕೊಳ್ಳಾಗ ಕಾರ್ಡು, ಮಾತಿಗೊಮ್ಮೆ ಪ್ರಾಜೆಕ್ಟು. "ಕಮೋಡ್ ಇರೋ ಮನಿ ಯಾವುದೈತ್ರಿ ಇಲ್ಲೆ?" ಅಂತ ಕೇಳಿದ್ರು. ಗಿರಣಿಯೊಳಗ ಇದ್ದವರೆಲ್ಲಾ ನನ್ನ ಕಡೆ ನೋಡಿದ್ರು. ನಾನು ಹೆಗಲ ಮ್ಯಾಲಿನ ಹಿಟ್ಟು ಜಾಡಿಸಿಕೊಂಡು, "ನಮ್ಮದೈತ್ರಿ. ಬಿಳೇ ಪಿಂಗಾಣಿದು" ಅಂದೆ. ಹಿಂಗ ಕ್ಲಾರಾ ನಮ್ಮ ಮನಿಗೆ ಬಂದ್ಲು, ಗೋವಿನಜ್ವಾಳದ ಚೀಲ ನನ್ನ ಮಂಚದ ಬುಡಕ್ಕ ಬಂತು.

ಡೆನ್ಮಾರ್ಕ್ ಅನ್ನೋ ದೇಶದಾಕಿ. ಹತ್ತೊಂಬತ್ತು ವರ್ಷ, ಎತ್ತರ ಮಾತ್ರ ಇಬ್ಬರದು. ನಮ್ಮ ಮನಿ ಬಾಗಿಲಕ್ಕ ಮೊದಲನೇ ದಿನ ನಾಕು ಸಲ ಹಣಿ ಬಡಿಸಿಕೊಂಡ್ಲು. ನಮ್ಮಾಕಿ ಅರಿಶಿಣ ಅರದು ಹಣಿಗೆ ಬಳದ್ಲು. ಅದ ಮಾರಿಲೇ ಫೋಟೋ ತಗದು ಮನಿಗೆ ಕಳಿಸಿದ್ದಕ್ಕ ಅವರವ್ವ, ಮಗಳು ಸನ್ಯಾಸ ತಗೊಂಡ್ಲು ಅಂತ ತಿಳದು ಅತ್ಲಂತ. ಸುಮಿತಾ ಫೋನಿನ್ಯಾಗ ಅರ್ಧಾ ತಾಸು ಇಂಗ್ಲೀಷಿನ್ಯಾಗ ಸಮಾಧಾನ ಮಾಡಬೇಕಾತು.

ಅಂಗನವಾಡಿಗೆ ಕಂಪೌಂಡ್ ಗ್ವಾಡಿ ಕಟ್ಟೂದು ಆಕಿ ಪಾಲಿನ ಕೆಲಸ. ಇಟ್ಟಂಗಿ ಬಂದಿದ್ವು, ಉಸುಕು ಬಂದಿತ್ತು, ಸಿಮೆಂಟ್ ನಾಳೆ ಬರ್ತೈತಿ ಅಂತ ಸಂಜೀವಕುಮಾರ ಹೇಳಿ ಹೋಗಿದ್ರು. ಆ ಹುಡುಗಿಗೆ ನಾಳೆ ಅಂದ್ರ ಇವತ್ತಿನ ಮರುದಿನ. ಮುಂಜಾನೆ ಏಳಕ್ಕ ಎದ್ದು ಕೈಗೆ ಕೈಗವಸು ಏರಿಸಿಕೊಂಡು ಇಟ್ಟಂಗಿ ಮ್ಯಾಲೆ ಕುಂದರ್ತಿದ್ಲು, ಸಂಜಿಕ ತಗದಿಟ್ಟು ಬರ್ತಿದ್ಲು. ಐದು ದಿನ ಹಿಂಗ ನಡೀತು.

ಇತ್ತಾಗ ಗಿರಣಿಯೊಳಗ ಒಂದ ಪ್ರಶ್ನಿ. ಈ ಹುಡುಗಿ ಇಲ್ಲಿಗೆ ಯಾಕ ಬಂದಾಳ?

"ಪರೀಕ್ಷಾದಾಗ ನಪಾಸಾಗಿರಬೇಕು," ಅಂದ ಈರೇಶ, ನಮ್ಮ ಕಾಕಾನ ಮಗ. ಆ ವಿಷಯದಾಗ ಅವನಿಗೆ ಅನುಭವ ಐತಿ.

"ಇಲ್ಲ ಕಾಕಾ, ಪಾಸಾಗ್ಯಾಳ. ಕಾಲೇಜಿಗೆ ಹೋಗೂಕಿಂತ ಮೊದಲ ಒಂದು ವರ್ಷ ಬಿಡುವು ತಗೊಂಡಾಳ. ದೇಶ ನೋಡಾಕ, ಸೇವಾ ಮಾಡಾಕ," ಅಂದ್ಲು ಸುಮಿತಾ.

"ನಾನೂ ಎಂಟು ವರ್ಷದಿಂದ ಬಿಡುವು ತಗೊಂಡೇನಿ. ನನ್ನ ಯಾರೂ ಜೀಪಿನ್ಯಾಗ ಅಡ್ಡಾಡ್ಸಲಿಲ್ಲ," ಅಂದ ಈರೇಶ.

ನಮ್ಮ ಮಗ್ಗಲಮನಿ ಗುರುಸಿದ್ದವ್ವ, ಎಪ್ಪತ್ತು ದಾಟಿದಾಕಿ, ಜ್ವಾಳದ ಬುಟ್ಟಿ ಇಳಿಸಿ ಕುಂತಿದ್ಲು. "ಹರಕಿ ಇರಬೇಕು ಬಿಡು. ಮಠದಾಗ ಕಸಾ ಹೊಡೀತೇನಿ ಅಂತ ಬೇಡಿಕೊಳ್ಳಂಗಿಲ್ಲ? ಹಂಗ."

"ಹರಕಿ ಅಲ್ಲಬೇ ಯಮ್ಮಾ. ಅಭಿವೃದ್ಧಿ ಹೊಂದಾಕ ಹತ್ತಿದ ದೇಶದಾಗ ಸೇವಾ ಮಾಡಬೇಕು ಅಂತ ಅವರ ಕಾಗದದಾಗ ಐತಿ," ಅಂತ ನಾನು ತಿಳಿಸಿ ಹೇಳಿದೆ.

"ಯಾರು ಹೊಂದಾಕ ಹತ್ಯಾರು?"

"ನಾವ."

"ಯಾವಾಗಿಂದ?" ಅಂದ್ಲು ಗುರುಸಿದ್ದವ್ವ. ನಾನು ಗಿರಣಿ ಚಾಲೂ ಮಾಡಿದೆ.

ಆರನೇ ದಿನ ಕ್ಲಾರಾ ಇಟ್ಟಂಗಿ ಬಿಟ್ಟು ಎದ್ಲು. ಗುರುಸಿದ್ದವ್ವ ಒಬ್ಬಾಕಿನ ಗದ್ದ್ಯಾಗ ಕಸಾ ತಗೀತಿದ್ಲು. ಈ ಹುಡುಗಿ ಹೋಗಿ ಬೂಟು ಕಳದು ಕೆಸರಿನ್ಯಾಗ ಇಳದ್ಲು. ಮೊದಲನೇ ತಾಸು ಕಸಾ ಬಿಟ್ಟು ಭತ್ತ ಕಿತ್ಲು. ಗುರುಸಿದ್ದವ್ವ ಕೈ ಮ್ಯಾಲೆ ಒಂದು ಕೊಟ್ಟು, ಕಸದ್ದು, ಭತ್ತದ್ದು ಎರಡೂ ಎಲಿ ಹಿಡದು ತೋರಿಸಿದ್ಲು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಬದುವಿನ ಮ್ಯಾಲೆ ಕುಂತು ಒಂದ ಬುತ್ತಿ ಉಂಡ್ರು. ಒಬ್ಬರದು ಒಬ್ಬರಿಗೆ ಒಂದು ಮಾತು ತಿಳಿಯಂಗಿಲ್ಲ, ಆದ್ರ ಇಬ್ಬರೂ ಸಂಜೀತನಕ ಬಾಯಿ ಮುಚ್ಚಿರಲಿಲ್ಲ.

ಮರುದಿನ ಇನ್ನೊಂದು ಮನಿ, ಅದರ ಮರುದಿನ ಮತ್ತೊಂದು. ಸಿಮೆಂಟ್ ನಾಳೆ ನಾಳೆ ಅನ್ನೂದರಾಗ ಆಕಿ ಮೂವತ್ನಾಕು ಮನಿ ಗದ್ದಿ ತುಳದ್ಲು, ಮನಿಗೊಂದು ದಿನದಂಗ. ಊರ ಮಂದಿ ಕ್ಲಾರವ್ವ ಅಂತ ಕರಿಯಾಕ ಹತ್ತಿದ್ರು. ಏನ ಕಂಡ್ರೂ ಬಟ್ಟು ತೋರಿಸಿ "ಇದೇನು?" ಅಂತ ಕೇಳತಿದ್ಲು. ಆಕಿ ಕಲತ ಮೊದಲನೇ ಕನ್ನಡ ಅದು. ಹುಡುಗ್ರು ಆಕಿ ಹಿಂದ, ಆಕಿ ಎಮ್ಮಿ ಹಿಂದ.

ಈಗ ಮುಯ್ಯಿ ಅನ್ನೂದನ್ನ ಹೇಳಬೇಕು. ನಿಮ್ಮ ಕಡೆ ಹೆಂಗೋ ಗೊತ್ತಿಲ್ಲ. ನಮ್ಮೂರಾಗ ಒಬ್ಬರ ಗದ್ದಿಗೆ ಒಬ್ಬರು ಪುಕ್ಕಟೆ ಹೋಗಂಗಿಲ್ಲ, ಕೂಲಿಗೂ ಹೋಗಂಗಿಲ್ಲ. ಮುಯ್ಯಾಳಾಗಿ ಹೋಗತೇವಿ. ಇವತ್ತ ನೀ ನನ್ನ ಗದ್ದಿಗೆ ಬಂದ್ರ ನಾಳೆ ನಾ ನಿನ್ನ ಗದ್ದಿಗೆ. ಮದಿವ್ಯಾಗ ಆಹೇರಿ ಉಡುಗೊರಿ ಮರತ್ರೂ ನಡೀತೈತಿ, ಮುಯ್ಯಿ ಮರತ್ರ ನಡಿಯಂಗಿಲ್ಲ. ಮುಯ್ಯಿ ತಿಂದವನ ಮನಿ ಕೊಯ್ಲಿಗೆ ನರಪಿಳ್ಳಿ ಕಾಲು ಇಡಂಗಿಲ್ಲ, ಭತ್ತ ಗದ್ದ್ಯಾಗ ಉದುರತೈತಿ. ಇನ್ನೊಂದು ಮಾತು. ಯಾರ ಮನ್ಯಾಗ ಉಣ್ತಾರೋ ಅವರ ಮನಿ ಆಳು ಅಂತ ಲೆಕ್ಕ. ಸೊಸಿ ದುಡದ್ರ ಮುಯ್ಯಿ ಬರೂದು ಅತ್ತಿ ಮನಿ ಗದ್ದಿಗೆ.

ಹಿಂಗಾಗಿ ಮಂದಿ ಗಿರಣಿಗೆ ಬಂದು, "ದ್ಯಾಮಣ್ಣ, ಮುಯ್ಯಿಗೆ ಯಾವಾಗ ಬರೂಣು?" ಅಂತ ಕೇಳಾಕ ಹತ್ತಿದ್ರು. ಗಿರಣಿ ಸಪ್ಪಳದಾಗ ನನಗ ಅರ್ಧ ಕೇಳಸ್ತಿತ್ತು. ಪೂರ್ತಿ ಕೇಳಿಸ್ತು ಅಂತಾನ ಇಟ್ಟಕೋರಿ, ನಾನು ದೊಡ್ಡ ಮನಷಾ ಇದ್ದಂಗ ತಲಿ ಅಲ್ಲಾಡಿಸಿ "ನೋಡೂಣು ತಗೋರಿ" ಅಂತಿದ್ದೆ.

ಒಂದು ಸೋಮವಾರ ಮುಂಜಾನೆ ಗಿರಣಿ ಕದಾ ತಗಿಯಾಕ ಹೊಂಟಿದ್ದೆ. ನಮ್ಮ ಗದ್ದ್ಯಾಗ ಮೂವತ್ನಾಕು ಮಂದಿ ಬಗ್ಗಿದ್ರು. ಮುಂದ ಗಂಗೂ. ಗಂಗೂ ಅಂದ್ರ ಸಿದ್ದಿ ಓಣಿ ಹೆಣ್ಣಮಗಳು, ಊರಿನ ಆಳಿನ ಗುಂಪೆಲ್ಲಾ ಆಕಿ ಮಾತಿನ್ಯಾಗ. ಆಕಿ ಎದ್ರ ಹೆಂಗಸರು ಎದ್ದಂಗ, ಆಕಿ ಕುಂತ್ರ ಊರಿನ ಭತ್ತನೂ ಕುಂತಂಗ. ಅವರ ನಡುವ ಕ್ಲಾರಾನೂ ಇದ್ಲು. ಇಷ್ಟು ಮಂದಿ ಒಂದ ಕಡೆ ಯಾಕ ಕೂಡ್ಯಾರ ಅಂತ ನೋಡಾಕ ಹೋದಾಕಿ ಅಲ್ಲೇ ಇಳದಿದ್ಲು.

ಎಂಟು ದಿನದ ಕಸಾ ಮಧ್ಯಾಹ್ನಕ್ಕ ಮುಗೀತು. ನಾನು ಬದುವಿನ ಮ್ಯಾಲೆ ಕೈ ಹಿಂದ ಕಟ್ಟಿ ಅಡ್ಡಾಡಿದೆ. ಶಿವಗಂಗಾ ರೊಟ್ಟಿ, ಹೆಸರಕಾಳಿನ ಪಲ್ಲೆ, ಶೇಂಗಾ ಚಟ್ನಿ ಹೊತಗೊಂಡು ಬಂದ್ಲು. ಸಾಲಾಗಿ ಉಣ್ಣಾಕ ಕುಂತಾಗ ಕ್ಲಾರಾ ಗಂಗೂನ ಕಡೆ ಬಟ್ಟು ಮಾಡಿ, ಗದ್ದಿ ತೋರಿಸಿ, "ಇದೇನು?" ಅಂತ ಕೇಳಿದ್ಲು.

"ಇದು ಮುಯ್ಯಿ, ಕ್ಲಾರವ್ವಾ. ನೀ ನಮ್ಮ ಗದ್ದಿಗೆ ಬಂದಿದ್ದಿಲ್ಲ? ಅದಕ್ಕ ನಾವು ನಿಮ್ಮ ಮನಿ ಗದ್ದಿಗೆ ಬಂದೇವಿ," ಅಂದ್ಲು ಗಂಗೂ.

ಸುಮಿತಾ ಇಂಗ್ಲೀಷ್ ಮಾಡಿ ಹೇಳಿದ್ಲು. ಕ್ಲಾರಾ ಬಾಯಾಗಿನ ರೊಟ್ಟಿ ಅಗಿಯೂದು ನಿಲ್ಲಿಸಿದ್ಲು. ಆಮ್ಯಾಲೆ ಸುಮಿತಾಗ ಉದ್ದಕ ಏನೋ ಹೇಳಿದ್ಲು. ಸುಮಿತಾ ನನ್ನ ಮಾರಿ ನೋಡಿದ್ಲು, ನೆಲಾ ನೋಡಿದ್ಲು.

"ಏನಂತಾಳವಾ?" ಅಂದ್ಲು ಗಂಗೂ.

"ನಾ ಈ ಮನಿಯಾಕಿ ಅಲ್ಲ ಅಂತಾಳ. ಆಕಿ ಊಟಕ್ಕ, ಇರೂದಕ್ಕ ಸಂಸ್ಥೆಯವರು ಅಪ್ಪಗ ರೊಕ್ಕಾ ಕೊಡ್ತಾರ."

ಮೂವತ್ನಾಕು ಮಂದಿ ರೊಟ್ಟಿ ಮುರಿಯೂದು ಬಿಟ್ರು. ನಾನು ಅದೊಂದು ಮಾತು ಯಾರಿಗೂ ಹೇಳಿದ್ದಿಲ್ಲ. ಕೇಳಿದ್ರ ಹೇಳತಿದ್ದೆ. ಯಾರೂ ಕೇಳಿದ್ದಿಲ್ಲ.

ಗಂಗೂ ತಾಟು ಕೆಳಗಿಟ್ಟು ಕೈ ತೊಳಕೊಂಡ್ಲು. "ಅಂದ್ರ ಆಕಿ ನಿಮ್ಮ ಅನ್ನ ಉಂಡಿಲ್ಲ, ದ್ಯಾಮಣ್ಣ. ಕಾಸು ಕೊಟ್ಟು ಉಂಡಾಳ. ಮತ್ತ ಆಕಿ ಮುಯ್ಯಿ ನಿಮ್ಮ ಗದ್ದಿಗೆ ಹೆಂಗ ಬಂತು?"

"ಬಂದಿದ್ದು ನೀವಲ್ಲಾ, ನಾ ಕರದಿದ್ನೇನು?" ಅಂದೆ.

"ಬ್ಯಾಡನೂ ಅನ್ನಲಿಲ್ಲ," ಅಂದ್ಲು ಗಂಗೂ. ಊಟ ಅರ್ಧಕ್ಕ ಬಿಟ್ಟು ಎಲ್ಲಾರೂ ಎದ್ರು. ಕ್ಲಾರಾ ಒಬ್ಬಾಕಿ ಏನಾತು ಅಂತ ತಿಳೀಲಾರದ ಎಲ್ಲಾರ ಮಾರಿ ನೋಡಕೋತ ಕುಂತಿದ್ಲು.

ಮನಿಗೆ ಹೋದ ಮ್ಯಾಲೆ ಶಿವಗಂಗಾ ನನಗ ನೀರು ಕೊಡಲಿಲ್ಲ. "ಆ ಹುಡುಗಿ ಮುಯ್ಯಿ ತಿಂದ್ರಲ್ರೀ," ಅಂದ್ಲು. ಇಪ್ಪತ್ನಾಕು ವರ್ಷದ ಸಂಸಾರದಾಗ ಆಕಿ ನನಗ ಅಷ್ಟು ಸಣ್ಣ ದನಿಲೇ ಮಾತಾಡಿದ್ದಿಲ್ಲ. ನನಗ ಖರೇನ ನಾಚಿಕಿ ಆತು. ಮರುದಿನ ಗಿರಣಿಗೆ ಒಂದು ಸೇರು ಜ್ವಾಳ ಬರಲಿಲ್ಲ. ಮಂದಿ ಬುಟ್ಟಿ ಹೊತಗೊಂಡು ಗಿರಣಿ ಮುಂದಿಂದನ ಸನವಳ್ಳಿ ಗಿರಣಿಗೆ ನಡಕೋತ ಹೋದ್ರು. ಹೋಗೂಮುಂದ "ಆರಾಮ ಅದೀರಿಲ್ಲ ದ್ಯಾಮಣ್ಣ?" ಅಂತ ಕೇಳಿ ಹೋದ್ರು. ಅದು ಇನ್ನೂ ಕೆಟ್ಟದ್ದು. ನವೆಂಬರಕ್ಕ ಕೊಯ್ಲು. ಮೂರು ಎಕರೆ ಭತ್ತ ನಾನು, ಶಿವಗಂಗಾ, ಸುಮಿತಾ, ಮೂರು ಮಂದಿ ಕೊಯ್ಯಾಕ ಹತ್ತಿದ್ರ ಸಂಕ್ರಾಂತಿ ದಾಟತೈತಿ.

ಮೂರನೇ ದಿನ ನಾನ ಎಲ್ಲಾರನೂ ಗಿರಣಿ ಕಟ್ಟಿಗೆ ಕರದೆ. ಚಾ ಮಾಡಿಸಿದೆ. ಚಾ ಕುಡದು ಬಸಿ ಬೋರಲ ಹಾಕಿದ್ರು. "ತಪ್ಪು ನಂದ. ಕ್ಲಾರವ್ವನ ಮುಯ್ಯಿ ಕ್ಲಾರವ್ವಗ ಮುಟ್ಟಬೇಕು. ಹೆಂಗ ಅಂತ ಹೇಳ್ರಿ, ಮಾಡೂಣು," ಅಂದೆ.

"ಆಕಿ ಗದ್ದಿ ಎಲ್ಲೈತಿ?" ಅಂದ್ಲು ಗುರುಸಿದ್ದವ್ವ.

ಸುಮಿತಾ ಕೇಳಿ ಹೇಳಿದ್ಲು. ಗದ್ದಿ ಇಲ್ಲ. ಹೊಲಾ ಇಲ್ಲ. ಮೂರನೇ ಮಜಲಿನ್ಯಾಗ ಮನಿ, ಕಿಟಕ್ಯಾಗ ಎರಡು ಹೂವಿನ ಕುಂಡ.

ಇಷ್ಟು ದೂರದಿಂದ ವಿಮಾನದಾಗ ಬಂದಾಕಿಗೆ ಬೊಗಸಿ ಮಣ್ಣಿಲ್ಲ ಅನ್ನೂದನ್ನ ಯಾರೂ ವಿಚಾರ ಮಾಡಿದ್ದಿಲ್ಲ. "ಪಾಪ ಕೂಸು," ಅಂದು ಗುರುಸಿದ್ದವ್ವ ಕಣ್ಣೀರು ಒರಸಿಕೊಂಡ್ಲು.

"ಎರಡು ಕುಂಡದಾಗ ಮೂವತ್ನಾಕು ಮಂದಿ ಎಲ್ಲಿ ನಿಂದ್ರೂದು?" ಅಂದ ಈರೇಶ. "ಪಾಸ್‌ಪೋರ್ಟೂ ಮೂವತ್ನಾಕು ಬೇಕು. ಪೊಲೀಸ್ರು ಕೇಳ್ತಾರ, ಯಾಕ ಹೊಂಟೀರಿ? ಕಸಾ ತಗಿಯಾಕ ಹೊಂಟೇವ್ರಿ. ನಮ್ಮನ್ನ ಜೊಯಿಡಾ ಅಡವ್ಯಾಗ ಬಿಟ್ಟು ಬರ್ತಾರ."

ಗಂಗೂ ಆವಾಗ, "ಆಕಿ ಇಲ್ಲಿಗೆ ಬಂದಿದ್ದ ಕೆಲಸ ಯಾವುದು?" ಅಂತ ಕೇಳಿದ್ಲು.

"ಅಂಗನವಾಡಿ ಗ್ವಾಡಿ," ಅಂದೆ.

"ಹಂಗಾರ ಅದ ಆಕಿ ಗದ್ದಿ."

ದೇವರು ದೊಡ್ಡಾಂವ. ಐವತ್ತು ದಿನದ ನಾಳೆ ಮುಗದು, ಅದ ವಾರ ಸಿಮೆಂಟ್ ಬಂತು. ಕ್ಲಾರಾ ಹೊಂಡಾಕ ನಾಕು ದಿನ ಉಳದಿದ್ವು. ಚೀಲ ಇಳಿಸಿದ ಮರುದಿನ ಆಕಿ ಕೈಗವಸು ಏರಿಸಿಕೊಂಡು ಹೋಗೂದರಾಗ ಅಂಗನವಾಡಿ ಸುತ್ತ ಜಾತ್ರಿ ಕೂಡಿತ್ತು. ಊರಿನ ಗೌಂಡಿ ಬಾಬಾಜಿ, ಗಂಗೂನ ಗಂಡ, ದಾರಾ ಕಟ್ಟಿ ನಿಂತಿದ್ದ. ಹೆಂಗಸರು ಉಸುಕಿನ ಬುಟ್ಟಿ ಹೊತ್ತಿದ್ರು. ಕ್ಲಾರಾ ಒಂದು ಇಟ್ಟಂಗಿ ಎತ್ತಿದ್ಲು. ಶಿವಗಂಗಾ ಕಸಗೊಂಡ್ಲು. ಇನ್ನೊಂದು ಎತ್ತಿದ್ಲು. ಗುರುಸಿದ್ದವ್ವ ಕಸಗೊಂಡು, ಆಕಿನ್ನ ಗಿಡದ ಬುಡಕ ಕುಂದರಿಸಿ, ಕೈಯಾಗ ಒಂದು ಬಟ್ಟಲ ಚುರಮರಿ ಕೊಟ್ಲು. ಮುಯ್ಯಿ ಮಾಡೂಮುಂದ ಗದ್ದಿ ಮಾಲಕರು ಕೆಲಸ ಮಾಡಬಾರದು. ಚುರಮರಿ ತಿನ್ನಬೇಕು, ಮಂದಿಗೆ ನೀರು ಕೊಡಬೇಕು, ಅಷ್ಟ.

ನಾನೂ ಬುಟ್ಟಿ ಹೊತ್ತೆ. ಹೊತ್ತು ಮುಳುಗೂದರಾಗ ಸುತ್ತ ನಾಕೂ ಕಡೆ ಎದಿಮಟಾ ಗ್ವಾಡಿ ಎದ್ದಿತ್ತು.

ಮರುದಿನ ಸಂಜೀವಕುಮಾರ ಬಂದ್ರು. ಜೀಪಿನ್ಯಾಗ ಕುಂತಲ್ಲೇ ಗ್ವಾಡಿ ನೋಡಿದ್ರು, ಇಳದು ನೋಡಿದ್ರು, ಸುತ್ತ ಒಂದು ಪ್ರದಕ್ಷಿಣಿ ಹಾಕಿದ್ರು. ಪೆನ್ನಿನ ಟೋಪಣ ಕಚ್ಚಿಕೊಂಡು, "ಯಾರು ಕಟ್ಟಿದ್ದು ಇದನ್ನ?" ಅಂದ್ರು.

"ನಾವ ರೀ."

"ಎಷ್ಟು ದಿನದಾಗ?"

"ಒಂದ ದಿನ ರೀ."

ಅವರು ಇಟ್ಟಂಗಿ ಚೂರಿನ ಮ್ಯಾಲೆ ಕುಂತುಬಿಟ್ರು. "ದ್ಯಾಮಪ್ಪನವರ, ಇದು ನಾಕು ವರ್ಷದ ಪ್ರಾಜೆಕ್ಟು. ವರ್ಷಕ್ಕೊಂದು ಕಡೆ ಗ್ವಾಡಿ. ಜನವರಿಗೆ ಆರು ಮಂದಿ ಬರಾವರದಾರ. ಅವರು ಏನು ಕಟ್ಟಬೇಕು? ನೀವು ಎರಡು ಕಡೆ ಕೆಡವಿ ಕೊಡಾಕ ಬರತೈತೇನು ನೋಡ್ರಿ."

"ಕಟ್ಟೂದು ಮುಯ್ಯಿ ರೀ. ಕೆಡವೂದಕ್ಕ ಕೂಲಿ ಆಗತೈತಿ," ಅಂದ ಬಾಬಾಜಿ.

ಈ ಗದ್ದಲದಾಗ ಕ್ಲಾರಾ ಗ್ವಾಡಿಗೆ ಆನಿಸಿ ನಿಂತು ಅಳಾಕ ಹತ್ತಿದ್ಲು. ಸುಮಿತಾ ಹೋಗಿ ಕೇಳಿದ್ಲು. ಕೇಳಿಕೊಂಡು ಬಂದು ನಮ್ಮ ಮುಂದ ನಿಂತ್ಲು. "ಆಕಿ ಇಷ್ಟು ದೂರ ಬಂದಿದ್ದು ಏನರೆ ಕೊಡಾಕ ಅಂತ. ಕೊಟ್ಟಿದ್ದೆಲ್ಲಾ ನೀವು ತಿರುಗಿ ಕೊಟ್ಟೀರಿ. ಈಗ ನನ್ನದು ಅಂತ ಇಲ್ಲೇ ಏನೂ ಉಳೀಲಿಲ್ಲ ಅಂತ ಅಳ್ತಾಳ."

ನಾನು ಮುಯ್ಯಿ ಮುಟ್ಟಿಸಿದ ಖುಷಿಯಾಗ ಇದ್ದೆ. ಗಂಗೂ ಸೆರಗಿಲೆ ಕೈ ಒರಸಿಕೊಂಡು ಆಕಿ ಮುಂದ ಹೋಗಿ ನಿಂತ್ಲು.

"ಆಕಿಗೆ ಹೇಳು ಸುಮಿತಾ. ಆಕಿ ಬಂದಿದ್ದು ಮೂವತ್ನಾಕು ದಿನ. ನಿನ್ನೆ ಗ್ವಾಡಿಗೆ ಬಂದವರು, ನಿಮ್ಮ ಮನಿಯವರನ್ನ ಬಿಟ್ಟು, ಮೂವತ್ತೇಳು ಮಂದಿ. ಗುರುಸಿದ್ದವ್ವನ ತವರಮನಿಯಿಂದ, ಸನವಳ್ಳಿಯಿಂದ ಮೂವರನ್ನ ನಾನ ಕರೆಸಿದ್ದೆ. ಮೂರು ದಿನ ಆಕಿ ಮ್ಯಾಲೆ ಹೊರಿ ಐತಿ."

ಸುಮಿತಾ ಹೇಳಿದ್ಲು. ಕ್ಲಾರಾ ಮೂಗು ಒರಸಿಕೊಂಡು ಏನೋ ಕೇಳಿದ್ಲು.

"ಬೇಕಂತಾನ ಕರೆಸಿದ್ದೇನು ಅಂತ ಕೇಳ್ತಾಳ."

"ಮತ್ತೇನು?" ಅಂದ್ಲು ಗುರುಸಿದ್ದವ್ವ. "ಮುಯ್ಯಿ ಸರಿಸಮ ಆದ್ರ ಎರಡು ಮನಿ ನಡುವಿನ ಹಾದ್ಯಾಗ ಹುಲ್ಲು ಬೆಳೀತೈತಿ. ನಾಟಿ ಹೊತ್ತಿಗೆ ಬಂದು ತೀರಸಂತ ಹೇಳು."

ಕ್ಲಾರಾ ನಕ್ಲು. ಅತ್ತಕೋತ ನಕ್ಲು. ಎಲ್ಲಾರೂ ನಕ್ರು. ನಾನೂ ನಗಾಕ ಹೋದೆ.

"ನೀವೇನು ನಗ್ತೀರಿ ದ್ಯಾಮಣ್ಣ?" ಅಂದ್ಲು ಗಂಗೂ. "ನಿಮ್ಮ ಗದ್ದ್ಯಾಗ ನಾವು ಬಗ್ಗಿದ್ದು ಹಂಗ ಬಾಕಿ ಐತಿ. ಮನಿಗೊಂದು ದಿನ."

ಹಿಂಗ ನನ್ನ ಸೇವಾ ವರ್ಷ ಶುರುವಾತು. ಕಾರ್ಡಿಲ್ಲ, ಜೀಪಿಲ್ಲ. ಗಿರಣಿ ಈರೇಶನ ಕೈಗೆ ಕೊಟ್ಟು, ಮನಿ ಮನಿ ಗದ್ದಿ ಹಿಡದೆ. ಕೊಯ್ದೆ, ಹೊತ್ತೆ, ಬಣವಿ ಒಟ್ಟಿದೆ, ಗೊಬ್ಬರ ಹಾಕಿದೆ. ಐವತ್ತೆರಡು ವರ್ಷ ಹುಟ್ಟಿ ಬೆಳದ ಊರಾಗ ಯಾರ ಮನಿ ಹಿಂದ ಬಾವಿ ಐತಿ, ಯಾರ ಸೊಸಿ ಚಂದ ಹಾಡತಾಳ, ಸಿದ್ದಿ ಓಣ್ಯಾಗ ಚಾಕ ಏನು ಹಾಕ್ತಾರ, ಇದೆಲ್ಲಾ ನನಗ ಆವಾಗ ಗೊತ್ತಾತು. ಏನ ಕಂಡ್ರೂ "ಇದೇನು?" ಅಂತ ಕೇಳೂದು ನನಗೂ ಹತ್ತಿತು. ಕೊಯ್ಲಿಗೆ ನಮ್ಮ ಗದ್ದಿಗೆ ಮಂದಿ ಬಂದ್ರು. ಗಿರಣಿಗೆ ಜ್ವಾಳ ಬಂತು. ಮೇ ಮುಗಿಯೂದರಾಗ ಎಲ್ಲಾ ಮನಿ ತೀರಿಸಿ, ನಾನು ಇನ್ನ ಯಾರ ಹಂಗಿನ್ಯಾಗೂ ಇಲ್ಲ ಅಂತ ಕಟ್ಟಿ ಮ್ಯಾಲೆ ಕಾಲು ಚಾಚಿ ಕುಂತೆ.

ಜುಲೈದಾಗ ಕ್ಲಾರಾ ಬಂದ್ಲು. ನೇಪಾಳ, ಲಾವೋಸ್ ಎಲ್ಲಾ ತಿರುಗಿ, ಊರಿಗೆ ಹೋಗಿ ಕಾಲೇಜ್ ಸೇರೂಕಿಂತ ಮೊದಲ ಮುಂಡಗೋಡ ಬಸ್ಸಿನ್ಯಾಗ ನಿಂತಕೊಂಡು ಬಂದ್ಲು. ಬಾಗಿಲದಾಗ ತಾನ ಬಗ್ಗಿ ಒಳಗ ಬಂದ್ಲು. ಒಂದು ದಿನ ಗುರುಸಿದ್ದವ್ವನ ಗದ್ದ್ಯಾಗ, ಒಂದು ದಿನ ಬಾಬಾಜಿ ಗದ್ದ್ಯಾಗ ಸಸಿ ಹಚ್ಚಿದ್ಲು. ಮೂರನೇ ದಿನ ಮುಂಜಾನೆ ಎಂಟಾದ್ರೂ ಗದ್ದಿಗೆ ಹೋಗಲಿಲ್ಲ. ನಾನು ಗಾಬರಿಯಾಗಿ ಒಳಗ ಹೋಗಿ ನೋಡಿದ್ರ, ಬ್ಯಾಗ್ ಕಟ್ಟಿಟ್ಟು ಪಡಸಾಲ್ಯಾಗ ಕುಂತು ಚಾ ಕುಡೀತಿದ್ಲು. ಮಗ್ಗಲಕ ಗಂಗೂ, ಗುರುಸಿದ್ದವ್ವ, ನಮ್ಮಾಕಿ.

"ಹತ್ತೂವರಿಗೆ ಬಸ್ಸೈತಿ ಅಂತಾಳ. ಇನ್ನೂ ಒಂದು ದಿನ ಬಾಕಿ ಐತಲ್ಲ," ಅಂದೆ. ನನ್ನ ಮನ್ಯಾಗ ಇದ್ದಾಕಿ. ಮತ್ತ ನನ್ನ ಹೆಸರಿಗೆ ಬರತೈತಿ.

ಯಾರೂ ನನ್ನ ಕಡೆ ನೋಡಲಿಲ್ಲ. ಕ್ಲಾರಾ ಬಸಿ ಕೆಳಗಿಟ್ಟು, ಸುಮಿತಾನ ಕಡೆ ತಿರಗದ, ತಾನ ಹೇಳಿದ್ಲು.

"ಇರ್ಲಿ ಬಿಡ್ರಿ, ಕಾಕಾ."

ಗಂಗೂ ಆಕಿ ಬೆನ್ನ ಮ್ಯಾಲೆ ಕೈಯಿಟ್ಟು ಚಾ ಕುಡದ್ಲು. ಬಸ್ಸಿಗೆ ಊರ ಬಂತು. ನಮ್ಮಾಕಿ ಚಟ್ನಿ ಪುಡಿ ಕಟ್ಟಿ ಕೊಟ್ಲು. ಬಸ್ಸು ತಿರುವು ದಾಟೂತನಕ ನಿಂತು ಎಲ್ಲಾರೂ ಅವರವರ ಕೆಲಸಕ್ಕ ಹೋದ್ರು.

ಮರುದಿನ ಮುಂಜಾನೆ ನಾನು ಗಿರಣಿ ಕೀಲಿ ಈರೇಶಗ ಕೊಟ್ಟು, ಧೋತರ ಮ್ಯಾಲೆತ್ತಿ ಕಟ್ಟಿ ಗಂಗೂನ ಗದ್ದಿಗೆ ಹೋದೆ. ನಾಟಿ ನಡದಿತ್ತು. ಗಂಗೂ ಸಸಿ ಸಿವುಡು ಹಿಡಕೊಂಡು ನೆಟ್ಟಗ ನಿಂತು ನೋಡಿದ್ಲು.

"ಯಾಕ ಬಂದ್ರಿ? ನಿಮ್ಮದು ತೀರೇತಲ್ಲ."

"ಗೊತ್ತೈತಿ," ಅಂದು ಕೆಸರಿಗೆ ಇಳದೆ. "ಮಧ್ಯಾಹ್ನಕ್ಕ ಪಲ್ಲೆ ಏನೈತಿ?"